ಪ್ರವಾಹದ ಉಪಗ್ರಹ ಚಿತ್ರ: ಸಂಘಸಂಸ್ಥೆ ನೇರವಾಗಿ ಕೇಳಬಹುದೇ?

ನಿಮ್ಮ ಸೇವಾಸಂಸ್ಥೆ ವಿಪತ್ತು ಚಾರ್ಟರ್‌ಗೆ (ದೊಡ್ಡ ವಿಪತ್ತಿನಲ್ಲಿ ಉಪಗ್ರಹ ಚಿತ್ರ ಒದಗಿಸುವ ಅಂತರರಾಷ್ಟ್ರೀಯ ಏರ್ಪಾಡು) ನೇರವಾಗಿ ಅರ್ಜಿ ಹಾಕಬಹುದೇ, ಚಿತ್ರ ಕೊಡದಿದ್ದರೆ ಕಾನೂನಿನ ಬಲವಿದೆಯೇ ಎಂದು ಕೇಳಿದ್ದೀರಿ. ಎರಡಕ್ಕೂ ಉತ್ತರ ‘ಇಲ್ಲ’ ಎಂದೇ.

2000ರ ನವೆಂಬರ್‌ನಿಂದ ನಡೆಯುತ್ತಿರುವ ಈ ಚಾರ್ಟರ್ ಕಾಯ್ದೆಯಲ್ಲ, ಬಾಹ್ಯಾಕಾಶ ಸಂಸ್ಥೆಗಳು ಸ್ವಇಚ್ಛೆಯಿಂದ ಮಾಡಿಕೊಂಡ ಏರ್ಪಾಡು. ಇಸ್ರೋ ಕೂಡ ಸದಸ್ಯ. ಚಿತ್ರ ಉಚಿತ, ಆದರೆ ಮಾನ್ಯತೆ ಪಡೆದ ಬಳಕೆದಾರರು (ಸಾಮಾನ್ಯವಾಗಿ ವಿಪತ್ತು ನಿರ್ವಹಣೆಯ ಸರ್ಕಾರಿ ಸಂಸ್ಥೆಗಳು) ಮಾತ್ರ ಕೇಳಬಹುದು. ಬರಗಾಲ, ಯುದ್ಧಕ್ಕೆ ಅನ್ವಯಿಸದು. ವಿಶ್ವಸಂಸ್ಥೆಯ 1986ರ ದೂರಸಂವೇದಿ (ಬಾಹ್ಯಾಕಾಶದಿಂದ ಭೂಮಿಯನ್ನು ಗಮನಿಸುವ ಕೆಲಸದ) ತತ್ವಗಳ 11ನೆಯದು ವಿಪತ್ತಿನ ಮಾಹಿತಿಯನ್ನು ಬಾಧಿತ ದೇಶಕ್ಕೆ ಬೇಗ ಕೊಡಿ ಎನ್ನುತ್ತದೆ; ಅದೂ ಮಹಾಸಭೆಯ ನಿರ್ಣಯವಷ್ಟೇ, ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಹಾಗಾಗಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಮೂಲಕವೇ ಹೋಗಿ. ಊರ ಹೆಸರು ಸಾಲದು (ಒಂದೇ ಹೆಸರಿನ ಊರು ಎಷ್ಟಿಲ್ಲ!), ಅಕ್ಷಾಂಶ ರೇಖಾಂಶ ಕೊಡಿ.

ಕಾಯುವಷ್ಟರಲ್ಲಿ ಯುರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರ ಕೋಪರ್ನಿಕಸ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮಳೆಗಾಲದಲ್ಲಿ ಸಾಮಾನ್ಯ ಕ್ಯಾಮೆರಾ ಚಿತ್ರದಲ್ಲಿ ಮೋಡವೇ ಕಾಣುವುದು. ರೇಡಾರ್ ಮೋಡ ದಾಟುತ್ತದೆ. ನಿಂತ ನೀರು ಕಪ್ಪಾಗಿ ಕಾಣುತ್ತದೆ. ಆದರೆ ಕೆರೆ, ನಾಟಿಗೆ ನೀರು ಕಟ್ಟಿದ ಗದ್ದೆಯೂ ಕಪ್ಪೇ. ಪ್ರವಾಹಕ್ಕೆ ಮುಂಚಿನ, ಅದೇ ಕಕ್ಷೆಯ ಚಿತ್ರದೊಡನೆ ಹೋಲಿಸದಿದ್ದರೆ ಲೆಕ್ಕ ತಪ್ಪುವುದು ಖಂಡಿತ. ಕಡಿದಾದ ಘಟ್ಟಗಳಲ್ಲಿ ರೇಡಾರ್ ನೆರಳೂ (ಬೆಟ್ಟ ಅಡ್ಡ ಬಂದು ಅಲೆ ತಲುಪದ ಜಾಗ) ಕಪ್ಪಾಗಿಯೇ ಬೀಳುತ್ತದೆ, ಅಲ್ಲಿ ಇದನ್ನು ನಂಬಬೇಡಿ.