ಫಾತಿಹ್ ತೆರಿಮ್ ಸರಿ, ಆದರೆ ನನ್ನ ಓಟು ಶೆನೋಲ್ ಮೇಷ್ಟ್ರಿಗೆ

ನೀವು ಕೇಳಿದ್ದು ಇಷ್ಟು: ಆಟಗಾರರಾಗಿದ್ದು ಆಮೇಲೆ ಫುಟ್‌ಬಾಲ್ ಕೋಚ್ ಆದ ಟರ್ಕಿಯವರಲ್ಲಿ ಯಾರ ಬಗ್ಗೆ ಓದಬೇಕು, ಎಲ್ಲರೂ ಫಾತಿಹ್ ತೆರಿಮ್ ಅಂತಲೇ ಹೇಳುತ್ತಾರೆ, ಬೇರೆ ಯಾರೂ ಇಲ್ವಾ?

ಇದ್ದಾರೆ. ಶೆನೋಲ್ ಗುನೆಶ್. ತೆರಿಮ್ ದೊಡ್ಡವರೇ, 2000ದಲ್ಲಿ ಗಲಾತಸರಾಯ್ ಕ್ಲಬ್‌ಗೆ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುಇಎಫ್‌ಎ ಕಪ್ ಗೆದ್ದುಕೊಟ್ಟವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಮನಸ್ಸಿಗೆ ಅಂಟಿಕೊಂಡಿದ್ದು ಗುನೆಶ್ ಕಥೆ. ಆಟಗಾರನಾಗಿ ತನ್ನೂರಿನ ತಂಡದ ಜೊತೆ ಆರು ಸಲ ಲೀಗ್ ಗೆದ್ದ ಮನುಷ್ಯ, ಕೋಚ್ ಆಗಿ ಅದೇ ಊರಿಗೆ ಒಂದು ಸಲವೂ ಲೀಗ್ ತಂದುಕೊಡೋಕೆ ಆಗಲಿಲ್ಲ. ಹೋದರು, ಬಂದರು, ಮತ್ತೆ ಹೋದರು. ಪ್ರತಿ ಸಲವೂ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನೋ ಹಾಗೆ.

ಊರು ಟ್ರಾಬ್ಜಾನ್, ಕಪ್ಪು ಸಮುದ್ರದ ದಡದಲ್ಲಿದೆ. ಗುನೆಶ್ ಹುಟ್ಟಿದ್ದು ಅಲ್ಲೇ, 1952ರಲ್ಲಿ. 1976ರ ತನಕ ಟರ್ಕಿಯ ಲೀಗ್ ಅಂದರೆ ಇಸ್ತಾಂಬುಲ್‌ನ ಮೂರು ದೊಡ್ಡ ಕ್ಲಬ್‌ಗಳ ಆಸ್ತಿ: ಗಲಾತಸರಾಯ್, ಫೆನರ್‌ಬಾಚೆ, ಬೆಶಿಕ್ತಾಶ್. 1967ರಲ್ಲಿ ಶುರುವಾದ ಟ್ರಾಬ್ಜಾನ್‌ಸ್ಪೋರ್ 1976ರಲ್ಲಿ ಲೀಗ್ ಗೆದ್ದಿತು. ಇಸ್ತಾಂಬುಲ್ ಆಚೆಯ ತಂಡವೊಂದು ಗೆದ್ದಿದ್ದು ಅದೇ ಮೊದಲು. ಅಲ್ಲಿಂದ 1984ರ ಒಳಗೆ ಒಟ್ಟು ಆರು ಸಲ ಗೆದ್ದರು, ಆ ತಂಡದ ಗೋಲ್‌ಕೀಪರ್ ನಮ್ಮ ಗುನೆಶ್. 1976ರಲ್ಲೇ ಯುರೋಪಿಯನ್ ಕಪ್‌ನಲ್ಲಿ ಲಿವರ್‌ಪೂಲ್ ತಂಡವನ್ನು ತಮ್ಮೂರಲ್ಲಿ 1-0ಯಿಂದ ಸೋಲಿಸಿದ್ದರು (ಲಿವರ್‌ಪೂಲ್ ತನ್ನ ಮನೆಯಲ್ಲಿ 3-0ಯಿಂದ ಗೆದ್ದು ಆ ವರ್ಷ ಕಪ್ಪನ್ನೇ ಹೊತ್ತೊಯ್ದಿತು, ಅದು ಬೇರೆ ಮಾತು).

ಇನ್ನೊಂದು ವಿಷಯ. ಗುನೆಶ್ ಓದಿದ್ದು ಮೇಷ್ಟ್ರ ಕೆಲಸಕ್ಕೆ. ಟರ್ಕಿಯಲ್ಲಿ ಕೋಚ್‌ಗೆ 'ಹೋಜಾ' ಅನ್ನುತ್ತಾರೆ, ಅಂದರೆ ಮೇಷ್ಟ್ರು ಅಂತಲೇ ಅರ್ಥ. ಹಾಗಾಗಿ ಶೆನೋಲ್ ಹೋಜಾ ಅನ್ನೋದು ಇವರಿಗೆ ಎರಡು ರೀತಿಯಲ್ಲೂ ಒಪ್ಪುತ್ತದೆ. ಮಾತು, ಮುಖ ಎಲ್ಲವೂ ಹಾಗೇ. ಮೈದಾನದ ಪಕ್ಕ ನಿಂತರೆ ಯಾರೋ ಹೋಂವರ್ಕ್ ಮಾಡದೆ ಬಂದಿದ್ದಾರೆ ಅನ್ನೋ ಮುಖ.

ಈಗ 2002ಕ್ಕೆ ಬರುತ್ತೇನೆ, ಏಕೆಂದರೆ ನಾನು ಇವರನ್ನು ಮೊದಲು ನೋಡಿದ್ದು ಆಗ. ವಿಶ್ವಕಪ್ ಜಪಾನ್, ಕೊರಿಯಾದಲ್ಲಿ ಇದ್ದಿದ್ದರಿಂದ ನಮಗೆ ಎಲ್ಲಾ ಪಂದ್ಯವೂ ಹಗಲಲ್ಲೇ. ಶಿವಮೊಗ್ಗದ ಅತ್ತೆ ಮನೆಯಲ್ಲಿ ಕೇಬಲ್ ಇತ್ತು, ನಾನು ಆ ಜೂನ್ ಪೂರ್ತಿ ಅಲ್ಲೇ ಬಿದ್ದಿದ್ದೆ. ಟರ್ಕಿ 1954ರ ನಂತರ ಮೊದಲ ಸಲ ವಿಶ್ವಕಪ್‌ಗೆ ಬಂದಿತ್ತು, ನಾವ್ಯಾರೂ ಅವರ ಒಬ್ಬ ಆಟಗಾರನ ಹೆಸರೂ ಕೇಳಿರಲಿಲ್ಲ. ಮೊದಲ ಪಂದ್ಯ ಬ್ರೆಜಿಲ್ ಜೊತೆ. ಹಸನ್ ಶಾಶ್ ಗೋಲ್ ಹೊಡೆದು ಟರ್ಕಿ ಮುಂದೆ ಹೋದಾಗ ನನ್ನ ಅತ್ತೆಯ ಮಗ ಟಿವಿ ಕೆಟ್ಟಿದೆ ಅಂದ. ಕೊನೆಗೆ ಬ್ರೆಜಿಲ್ 2-1ರಲ್ಲಿ ಗೆದ್ದಿತು. ಅದರ ಮೇಲೆ ರಿವಾಲ್ಡೋ ನಾಟಕ, ನೆನಪಿದೆಯಾ? ಚೆಂಡು ತಾಗಿದ್ದು ಕಾಲಿಗೆ, ಹಿಡಿದುಕೊಂಡು ಬಿದ್ದಿದ್ದು ಮುಖ.

ಆಮೇಲೆ ಕೋಸ್ಟರಿಕಾ ಜೊತೆ ಡ್ರಾ, ಚೀನಾ ಮೇಲೆ 3-0, ಜಪಾನ್ ನೆಲದಲ್ಲೇ ಜಪಾನ್ ಮೇಲೆ 1-0. ಈ ಹೊತ್ತಿಗೆಲ್ಲ ಟರ್ಕಿಯಲ್ಲಿ ಒಂದೇ ಗಲಾಟೆ: ಸ್ಟ್ರೈಕರ್ ಹಕನ್ ಶುಕುರ್ ಒಂದು ಗೋಲೂ ಹೊಡೆಯುತ್ತಿಲ್ಲ, ಇಲ್ಹಾನ್ ಮನ್ಸಿಜ್ ಬೆಂಚ್ ಮೇಲೆ ಕೂತಿದ್ದಾನೆ, ಈ ಕೋಚ್‌ಗೆ ಕಣ್ಣು ಕಾಣಲ್ವಾ? ಗುನೆಶ್ ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರತಿ ಪಂದ್ಯಕ್ಕೂ ಹಕನ್‌ನೇ ಶುರು ಮಾಡಿಸಿದರು. ಕ್ವಾರ್ಟರ್ ಫೈನಲ್‌ನಲ್ಲಿ ಸೆನೆಗಲ್ ಎದುರು 67ನೇ ನಿಮಿಷಕ್ಕೆ ಅವನನ್ನು ಕರೆಸಿ ಇಲ್ಹಾನ್‌ನ ಕಳಿಸಿದರು, ಅವನು 94ನೇ ನಿಮಿಷದಲ್ಲಿ ಗೋಲ್ಡನ್ ಗೋಲ್ (ಹೆಚ್ಚುವರಿ ಸಮಯದಲ್ಲಿ ಬಿದ್ದೊಡನೆ ಪಂದ್ಯವನ್ನೇ ಮುಗಿಸುವ ಗೋಲ್) ಹೊಡೆದ. ಆ ಗೋಲ್ ನಾನು ನೋಡಲಿಲ್ಲ. 90 ನಿಮಿಷ ಮುಗಿಯೋದಕ್ಕೂ ಕರೆಂಟ್ ಹೋಗೋದಕ್ಕೂ ಸರಿಹೋಯಿತು, ಮರುದಿನ ಪೇಪರ್ ನೋಡಿಯೇ ಗೊತ್ತಾಗಿದ್ದು.

ಸೆಮಿಫೈನಲ್‌ನಲ್ಲಿ ಮತ್ತೆ ಬ್ರೆಜಿಲ್, ರೊನಾಲ್ಡೋ ಒಂದು ಗೋಲ್, ಮುಗೀತು. ಮೂರನೇ ಸ್ಥಾನದ ಪಂದ್ಯ ಕೊರಿಯಾ ಜೊತೆ. ಆ ಇಡೀ ಟೂರ್ನಿಯಲ್ಲಿ ಬೈಸಿಕೊಂಡ ಹಕನ್ ಶುಕುರ್ 11 ಸೆಕೆಂಡ್‌ನಲ್ಲಿ ಗೋಲ್ ಹೊಡೆದ. ವಿಶ್ವಕಪ್ ಚರಿತ್ರೆಯಲ್ಲೇ ಅತಿ ಬೇಗ ಬಂದ ಗೋಲ್ ಅದು. ಚೆಂಡು ಕಿತ್ತುಕೊಂಡು ಅವನಿಗೆ ದಾರಿ ಮಾಡಿಕೊಟ್ಟಿದ್ದು ಇಲ್ಹಾನ್, ಆಮೇಲೆ ತಾನೂ ಎರಡು ಹೊಡೆದ. ಅವತ್ತು ಇಬ್ಬರನ್ನೂ ಮೊದಲಿಂದಲೇ ಆಡಿಸಿದ್ದರು. ಹಾಗಾದರೆ ಮೊದಲೇ ಯಾಕೆ ಆಡಿಸಲಿಲ್ಲ ಅಂತ ಕೇಳುವವರು ಇಂದಿಗೂ ಇದ್ದಾರೆ, ಮತ್ತು ನನ್ನ ಲೆಕ್ಕದಲ್ಲಿ ಅವರು ಕೇಳೋದು ಸರಿ. ಮೇಷ್ಟ್ರಿಗೆ ಹಟ ಜಾಸ್ತಿ.

ಆ ಹಟಕ್ಕೆ ಬೆಲೆಯನ್ನೂ ತೆತ್ತರು. ಒಂದೂವರೆ ವರ್ಷದಲ್ಲಿ ಯುರೋಪಿನ ದೇಶಗಳ ಟೂರ್ನಿ ಯುರೋ 2004ರ ಅರ್ಹತಾ ಪ್ಲೇಆಫ್‌ನಲ್ಲಿ ಲಾಟ್ವಿಯಾ ಎದುರು, ಇಸ್ತಾಂಬುಲ್‌ನಲ್ಲಿ 2-0 ಮುಂದಿದ್ದು 2-2 ಮಾಡಿಕೊಂಡು ಹೊರಬಿದ್ದರು. ಕೆಲಸ ಹೋಯಿತು. ನಂತರ ಕೊರಿಯಾಕ್ಕೇ ಹೋಗಿ ಎಫ್‌ಸಿ ಸೋಲ್ ತಂಡಕ್ಕೆ 2007ರಿಂದ 2009ರ ತನಕ ಕೋಚ್ ಆಗಿದ್ದರು.

ಇನ್ನು ಊರಿನ ಕಥೆ. ಇದೇ ನಿಜವಾದ ಕಥೆ. 1995-96ರಲ್ಲಿ ಇವರ ಟ್ರಾಬ್ಜಾನ್‌ಸ್ಪೋರ್ ಲೀಗ್ ಗೆಲ್ಲುವ ಹಾಗಿತ್ತು. ಸೀಸನ್ ಮುಗಿಯೋಕೆ ಬಂದಾಗ ಫೆನರ್‌ಬಾಚೆ ಇವರ ಊರಿಗೇ ಬಂತು. ಮೊದಲ ಗೋಲ್ ಇವರದ್ದು. ಊರೆಲ್ಲ ಹಬ್ಬಕ್ಕೆ ರೆಡಿ. ಕೊನೆಗೆ 2-1, ಸೋಲು. ಗೆಲುವಿನ ಗೋಲ್ ಹೊಡೆದವನು ಐಕುತ್ ಕೊಜಮಾನ್. ಈ ಹೆಸರು ನೆನಪಿಟ್ಟುಕೊಳ್ಳಿ.

15 ವರ್ಷ ಬಿಟ್ಟು, 2010-11ರಲ್ಲಿ, ಗುನೆಶ್ ಮತ್ತೆ ಟ್ರಾಬ್ಜಾನ್ ಕೋಚ್. ಇಡೀ ವರ್ಷ ಫೆನರ್‌ಬಾಚೆ ಜೊತೆ ಪೈಪೋಟಿ. ಕೊನೆಗೆ ಎರಡೂ ತಂಡಕ್ಕೆ 82 ಪಾಯಿಂಟ್, ಚಾಂಪಿಯನ್ ಫೆನರ್‌ಬಾಚೆ. ಅವರ ಕೋಚ್ ಯಾರು? ಅದೇ ಐಕುತ್ ಕೊಜಮಾನ್! ಸಿನಿಮಾದಲ್ಲಿ ಹೀಗೆ ಬರೆದರೆ ಯಾರೂ ನಂಬಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಆ ಜುಲೈನಲ್ಲಿ ಮ್ಯಾಚ್ ಫಿಕ್ಸಿಂಗ್ ತನಿಖೆ ಶುರುವಾಯಿತು, ಫೆನರ್‌ಬಾಚೆ ಚಾಂಪಿಯನ್ಸ್ ಲೀಗ್‌ನಿಂದ ಹೊರಬಿತ್ತು, ಅವರ ಜಾಗಕ್ಕೆ ಟ್ರಾಬ್ಜಾನ್‌ನ ಕಳಿಸಿದರು. ಇವರು ಹೋಗಿ ಮಿಲಾನ್‌ನಲ್ಲಿ ಇಂಟರ್ ತಂಡವನ್ನೇ 1-0ಯಿಂದ ಸೋಲಿಸಿ ಬಂದರು. ಆದರೆ ಲೀಗ್ ಪಟ್ಟ ಮಾತ್ರ ಕೈ ಬದಲಾಗಲಿಲ್ಲ. ಫೆನರ್‌ಬಾಚೆ ಅಧ್ಯಕ್ಷರಿಗೆ ಮೊದಲು ಶಿಕ್ಷೆಯಾಗಿ ಆಮೇಲೆ ಮರುವಿಚಾರಣೆಯಲ್ಲಿ ಖುಲಾಸೆ ಆಯಿತು. ಟ್ರಾಬ್ಜಾನ್ ಜನರ ಹತ್ತಿರ ಮಾತ್ರ ಈ ವಿಷಯ ಎತ್ತಬೇಡಿ, ರಾತ್ರಿ ಪೂರ್ತಿ ಕೇಳಬೇಕಾಗುತ್ತದೆ.

ಹಾಗಂತ ಕೋಚ್ ಆಗಿ ಲೀಗ್ ಗೆದ್ದೇ ಇಲ್ಲ ಅಂದುಕೊಳ್ಳಬೇಡಿ. ಬುರ್ಸಾಸ್ಪೋರ್‌ನಲ್ಲಿ ಒಂದು ವರ್ಷ ಇದ್ದು 2015ರಲ್ಲಿ ಬೆಶಿಕ್ತಾಶ್‌ಗೆ ಬಂದರು. 2016, 2017, ಸಾಲಾಗಿ ಎರಡು ಲೀಗ್. ಮೊದಲ ವರ್ಷ ಜರ್ಮನಿಯ ಮಾರಿಯೋ ಗೋಮೆಜ್ ಒಬ್ಬನೇ 26 ಗೋಲ್ ಹೊಡೆದ. 2017-18ರಲ್ಲಿ ಚಾಂಪಿಯನ್ಸ್ ಲೀಗ್ ಗುಂಪಿನಲ್ಲಿ ಪೋರ್ಟೋ, ಲೈಪ್‌ಜಿಗ್, ಮೊನಾಕೋ ಇದ್ದರೂ ಒಂದೂ ಸೋಲದೆ 14 ಪಾಯಿಂಟ್ ತೆಗೆದು ಮೊದಲ ಸ್ಥಾನ. ಅಂದರೆ ಅರವತ್ತು ದಾಟಿದ ಮೇಲೆ, ಚಿಕ್ಕಂದಿನಿಂದ ಯಾರ ವಿರುದ್ಧ ಆಡಿದರೋ ಆ ಇಸ್ತಾಂಬುಲ್‌ನಲ್ಲೇ ಅವರಿಗೆ ಲೀಗ್ ಸಿಕ್ಕಿದ್ದು.

2019ರಲ್ಲಿ ಮತ್ತೆ ರಾಷ್ಟ್ರೀಯ ತಂಡ. ವಿಶ್ವ ಚಾಂಪಿಯನ್ ಫ್ರಾನ್ಸ್ ತಂಡವನ್ನು ಕೊನ್ಯಾದಲ್ಲಿ 2-0ಯಿಂದ ಸೋಲಿಸಿದರು, ಅರ್ಹತಾ ಸುತ್ತಿನ ಹತ್ತು ಪಂದ್ಯದಲ್ಲಿ ಬಿಟ್ಟುಕೊಟ್ಟಿದ್ದು ಮೂರೇ ಗೋಲ್. ಈ ಸಲ ಯುರೋದಲ್ಲಿ ಟರ್ಕಿ ಮಿಂಚುತ್ತದೆ ಅಂತ ನಾನು ಆಫೀಸಿನಲ್ಲಿ ಎಲ್ಲರ ಹತ್ತಿರ ಸುಮ್ನೆ ಹೇಳಿಕೊಂಡು ತಿರುಗಿದೆ. ಮೂರಕ್ಕೆ ಮೂರೂ ಸೋತರು, ಎಂಟು ಗೋಲ್ ತಿಂದು ಒಂದು ಹೊಡೆದರು. ಅದಾದ ಮೇಲೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆದರ್‌ಲೆಂಡ್ಸ್ ಎದುರು 6-1ರ ಸೋಲು, ಅಲ್ಲಿಗೆ ಕೆಲಸ ಹೋಯಿತು. ಆ ವಾರ ಕ್ಯಾಂಟೀನ್‌ಗೆ ನಾನು ಒಬ್ಬನೇ ಹೋಗುತ್ತಿದ್ದೆ.

ಟ್ರಾಬ್ಜಾನ್‌ಗೆ ಕೊನೆಗೂ ಲೀಗ್ ಬಂತು, 38 ವರ್ಷದ ನಂತರ, 2022ರ ಏಪ್ರಿಲ್ 30ರಂದು, ತವರು ಮೈದಾನದಲ್ಲೇ. ಆ ಮೈದಾನ ಇರುವ ಕ್ರೀಡಾ ಸಂಕೀರ್ಣದ ಹೆಸರು ಶೆನೋಲ್ ಗುನೆಶ್. ಕೋಚ್ ಮಾತ್ರ ಅಬ್ದುಲ್ಲಾ ಅವ್ಜಿ. ಗುನೆಶ್ 2024ರಲ್ಲಿ, 72ನೇ ವಯಸ್ಸಿನಲ್ಲಿ, ಇನ್ನೊಂದು ಸಲ ಪ್ರಯತ್ನ ಮಾಡೋಣ ಅಂತ ಅಲ್ಲಿಗೇ ವಾಪಸ್ ಹೋದರು. ಮುಂದಿನ ಮಾರ್ಚ್‌ಗೆ ಬಿಟ್ಟು ಬಂದರು.