ಪ್ರಾರ್ಥನೆ ಬಾರದ ದಿನಗಳಲ್ಲಿ ಅಜ್ಜಿಯ ಒಲೆ

ಅಮ್ಮ ತೀರಿಕೊಂಡು ನಾಲ್ಕು ತಿಂಗಳಾದರೂ ಪ್ರಾರ್ಥನೆಗೆ ಕುಳಿತರೆ ಒಂದು ಮಾತೂ ಬರುವುದಿಲ್ಲ, ಸತ್ಯವೇದ ತೆರೆದರೆ ಬರೀ ಅಕ್ಷರ ಕಾಣುತ್ತದೆ, ದಿನದ ಕೆಲಸದ ನಡುವೆ ದೇವರ ಸಮಾಧಾನ ಸಿಗುವುದುಂಟೇ ಎಂದು ಕೇಳಿದ್ದೀರಿ. ಉಂಟು. ನನಗೆ ಸಿಕ್ಕಿದ್ದು ಒಲೆಯ ಬೂದಿಯಲ್ಲಿ.

ಉಡುಪಿ ಕಡೆಯ ನಮ್ಮ ಹಳೆಯ ಮನೆಯಲ್ಲಿ ರಾತ್ರಿ ಅಡುಗೆ ಮುಗಿದ ಮೇಲೆ ಅಜ್ಜಿ ಒಲೆಗೆ ನೀರು ಹಾಕುತ್ತಿರಲಿಲ್ಲ. ಒಂದೆರಡು ದಪ್ಪ ಕೆಂಡಗಳನ್ನು ಮೂಲೆಗೆ ಎಳೆದು ಬೂದಿ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ನೋಡಿದರೆ ಒಲೆಯಲ್ಲಿ ಜೀವವೇ ಇಲ್ಲ ಅನ್ನಿಸುತ್ತಿತ್ತು. ಅವರು ಬೂದಿಯನ್ನು ಮೆಲ್ಲಗೆ ಸರಿಸಿ, ಒಣಗಿದ ತೆಂಗಿನ ಗರಿ ಇಟ್ಟು, ಊದುಗೊಳವೆಯಲ್ಲಿ ನಾಲ್ಕು ಸಲ ಊದಿದರೆ ಮೊದಲು ಹೊಗೆ, ಆಮೇಲೆ ಕಿಡಿ, ಆಮೇಲೆ ಉರಿ. ಬೂದಿ ಮುಚ್ಚಿದ ಕೆಂಡ ಎಂದು ನಾವು ಒಳಗೊಳಗೇ ಕುದಿಯುವ ಸಿಟ್ಟಿಗೆ ಹೇಳುತ್ತೇವೆ. ನನಗೆ ಆ ಮಾತು ಕೇಳಿದಾಗಲೆಲ್ಲ ನೆನಪಾಗುವುದು ಅಜ್ಜಿಯ ಕೈ.

ನನ್ನ ಗಂಡ ತೀರಿಕೊಂಡ ವರ್ಷ ನಾನೂ ನಿಮ್ಮ ಹಾಗೆಯೇ ಇದ್ದೆ. ಸಭೆಗೆ ಹೋಗುತ್ತಿದ್ದೆ, ಕೀರ್ತನೆಗೆ ಬಾಯಿ ತೆರೆಯುತ್ತಿದ್ದೆ, ಸ್ವರ ಹೊರಡುತ್ತಿರಲಿಲ್ಲ. ವಿಶ್ವಾಸ ಗಟ್ಟಿ ಮಾಡಿಕೊ ಎಂದವರು ಬಹಳ ಮಂದಿ. ಒಂದು ದಿನ ಸತ್ಯವೇದದ ಯೆಶಾಯನ ಪುಸ್ತಕದ 42ನೆಯ ಅಧ್ಯಾಯದಲ್ಲಿ ಕಣ್ಣು ನಿಂತಿತು: ಕರ್ತನ ಸೇವಕನು ಜಜ್ಜಿದ ದಂಟನ್ನು ಮುರಿಯುವುದಿಲ್ಲ, ಕಳೆಗುಂದಿದ ದೀಪವನ್ನು ನಂದಿಸುವುದಿಲ್ಲ. ಬೂದಿ ಸರಿಸುತ್ತಿದ್ದ ಆ ಕೈ ಎದುರಿಗೇ ಬಂದಂತಾಯಿತು. ಕೆಂಡ ತನ್ನನ್ನು ತಾನೇ ಊದಿಕೊಳ್ಳಬೇಕಾಗಿಲ್ಲವಲ್ಲ! ಎಷ್ಟೋ ತಿಂಗಳ ನಂತರ ಅಂದು ಅತ್ತುಬಿಟ್ಟೆ.

ಯೋಹಾನನ ಸುವಾರ್ತೆಯ 21ನೆಯ ಅಧ್ಯಾಯವನ್ನೂ ನಿಧಾನವಾಗಿ ಓದಿ. ರಾತ್ರಿಯಿಡೀ ಬಲೆ ಬೀಸಿ ದಣಿದ ಶಿಷ್ಯರು ದಡಕ್ಕೆ ಬಂದರೆ ಅಲ್ಲಿ ಕೆಂಡದ ಮೇಲೆ ಮೀನು, ಜೊತೆಗೆ ರೊಟ್ಟಿ. ಮರಣದಿಂದ ಎದ್ದುಬಂದ ಕರ್ತನಾದ ಯೇಸುವೇ ಅಡುಗೆ ಮಾಡಿಟ್ಟು ಊಟಕ್ಕೆ ಕರೆಯುತ್ತಾನೆ. ಆ ಕೆಂಡದ ಬೆಂಕಿಗೆ ಗ್ರೀಕ್ ಮೂಲದಲ್ಲಿರುವ ಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ. ಅದು ಇದೇ ಸುವಾರ್ತೆಯ 18ನೆಯ ಅಧ್ಯಾಯ. ಯೇಸುವನ್ನು ಬಂಧಿಸಿದ ರಾತ್ರಿ ಶಿಷ್ಯ ಪೇತ್ರನು ಚಳಿ ಕಾಯಿಸಿಕೊಳ್ಳುತ್ತ ನಿಂತು, ನಾನು ಆತನ ಶಿಷ್ಯನಲ್ಲ ಎಂದ ಅಂಗಳ. ಸೋತುಹೋದ ಆ ಮನುಷ್ಯನನ್ನು ಕರ್ತನು ಅಂಥದೇ ಬೆಂಕಿಯ ಬಳಿ ಕೂರಿಸಿ ಮೊದಲು ಉಣಿಸುತ್ತಾನೆ. ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳುವುದು ಊಟವಾದ ಮೇಲೆ.

ಆದ್ದರಿಂದ ಪ್ರಾರ್ಥನೆಗೆಂದು ನಿಮ್ಮನ್ನು ನೀವು ಹಿಂಸಿಸಬೇಡಿ. ಅಮ್ಮ ಬಳಸುತ್ತಿದ್ದ ಪಾತ್ರೆಯಲ್ಲೇ ಗಂಜಿ ಬೇಯಿಸಿ, ಬಿಸಿಯಾಗಿ ಉಣ್ಣಿ. ಅಮ್ಮ ಏಕೆ ಹೋದರು ಎಂಬುದಕ್ಕೆ ಅದರಲ್ಲಿ ಉತ್ತರ ಸಿಗುವುದಿಲ್ಲ. ನನ್ನ ಪ್ರಶ್ನೆಗೂ ಸಿಕ್ಕಿಲ್ಲ. ಈಗ ನಮ್ಮ ಮನೆಯಲ್ಲಿರುವುದು ಗ್ಯಾಸ್ ಒಲೆ. ಆದರೂ ಬೆಳಿಗ್ಗೆ ಅದನ್ನು ಹೊತ್ತಿಸುವಾಗ, ಕರ್ತನೇ, ಊದು ಎನ್ನುತ್ತೇನೆ. ಎಷ್ಟೋ ದಿನ ನನ್ನ ಪ್ರಾರ್ಥನೆ ಅಷ್ಟೇ.