ರಸ್ತೆ ಪ್ರಶ್ನೋತ್ತರ: ವಾಹನ ಗಣತಿ – ಎಲ್ಲಿ ಕೂರಬೇಕು, ಯಾವ ವಾರ ಎಣಿಸಬೇಕು?

ಪ್ರಶ್ನೆ: ಹೆದ್ದಾರಿಯಿಂದ ನಮ್ಮೂರಿಗೆ ಬರುವ ಏಕಪಥ ರಸ್ತೆಯನ್ನು ಅಗಲ ಮಾಡಿಸಲು ಪಂಚಾಯಿತಿಯಿಂದ ಠರಾವು ಕಳಿಸಿದ್ದೇವೆ. ಎಷ್ಟು ವಾಹನ ಓಡಾಡುತ್ತವೆ, ಲೆಕ್ಕ ಕೊಡಿ ಅಂದರು. ನಾಲ್ಕು ಹುಡುಗರನ್ನು ಕೂರಿಸಿ ಒಂದು ಭಾನುವಾರ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಎಣಿಸಿ ಕೊಟ್ಟೆವು. ಇದು ನಡೆಯುವುದಿಲ್ಲ ಎಂದರು. ಸರಿಯಾಗಿ ಎಣಿಸುವುದು ಹೇಗೆ?
– ಗ್ರಾಮ ಪಂಚಾಯಿತಿ ಸದಸ್ಯರು, ಕುಮಟಾ ತಾಲ್ಲೂಕು

ಉತ್ತರ: ಹುಡುಗರ ಶ್ರಮದಲ್ಲಿ ತಪ್ಪಿಲ್ಲ, ಆರಿಸಿದ ದಿನದಲ್ಲಿ ತಪ್ಪಿದೆ. ಭಾನುವಾರ ಶಾಲೆ ವಾಹನ ಇಲ್ಲ, ಕಚೇರಿಗೆ ಹೋಗುವವರಿಲ್ಲ; ಬದಲಿಗೆ ಪ್ರವಾಸಿಗರ ಕಾರುಗಳು. ರಾತ್ರಿ ಓಡುವ ಚಿರೆಕಲ್ಲಿನ ಲಾರಿ, ಮೀನಿನ ಗಾಡಿ ನಿಮ್ಮ ಹತ್ತು ತಾಸಿನಲ್ಲಿ ಸಿಗುವುದೇ ಇಲ್ಲ. ನಗರದ ಹೊರಗಿನ ರಸ್ತೆಗಳಿಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1972ರಲ್ಲಿ ಮಾಡಿದ ಐಆರ್‌ಸಿ 9 ಎಂಬ ಮಾರ್ಗಸೂಚಿ ಇದೆ. ಅದರ ಪ್ರಕಾರ ಸತತ 7 ದಿನ, ದಿನಕ್ಕೆ 24 ತಾಸು, ವರ್ಷಕ್ಕೆ ಎರಡು ಸಲ ಎಣಿಸಬೇಕು: ಸುಗ್ಗಿ–ಮಾರಾಟದ ಭರಾಟೆಯಲ್ಲಿ ಒಮ್ಮೆ, ಸಂಚಾರ ತೆಳುವಾದಾಗ ಒಮ್ಮೆ.

ಮೊದಲು ಜಾಗ ನೋಡಿ. ಹೆದ್ದಾರಿಯ ಕೂಡುರಸ್ತೆಯಲ್ಲೇ ಕೂತರೆ ಅಂಗಡಿಗೆ ಬಂದು ತಿರುಗಿ ಹೋಗುವ ಬೈಕೂ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಬಸ್ ಸ್ಟಾಪು, ಶಾಲೆ, ಸೊಸೈಟಿ ಕಟ್ಟಡ ಇವೆಲ್ಲ ಬಿಟ್ಟು, ಎರಡೂ ಕಡೆ ದೂರದವರೆಗೆ ಕಾಣುವ ನೇರ ರಸ್ತೆಯ ಪಕ್ಕ, ಮಳೆ–ಬಿಸಿಲಿಗೆ ಆಸರೆ ಇರುವಲ್ಲಿ ಕೂರಬೇಕು. 8 ತಾಸಿನ ಮೂರು ಪಾಳಿ. ಪ್ರತಿ ಪಾಳಿಗೆ ಒಂದೊಂದು ದಿಕ್ಕಿಗೆ ಒಬ್ಬೊಬ್ಬರು, ಬದಲಿಗೆ ಮತ್ತೊಬ್ಬರು. ‘ಮೇಲೆ–ಕೆಳಗೆ’ ಎಂದು ಬರೆಯಬೇಡಿ. ಪಾಳಿ ಬದಲಾದ ಕೂಡಲೇ ಯಾವುದು ಮೇಲೆ ಎಂಬ ಗೊಂದಲ ಶುರುವಾಗುತ್ತದೆ. ಊರಿನ ಹೆಸರನ್ನೇ ಹಾಕಿ: ‘ಹೆದ್ದಾರಿ ಕಡೆಗೆ’, ‘ಊರ ಕಡೆಗೆ’.

ಹಾಳೆಯಲ್ಲಿ 15 ನಿಮಿಷಕ್ಕೊಂದು ಸಾಲು, ಒಂದೊಂದು ಬಗೆಯ ವಾಹನಕ್ಕೆ ಒಂದೊಂದು ಕಾಲಂ. ನಾಲ್ಕು ಗೆರೆ ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯುವುದು. ಪೆನ್ಸಿಲ್ ಬಳಸಿ, ಪೆನ್ನಿನ ಶಾಯಿ ನಮ್ಮ ಮಳೆಗೆ ಕಲಸಿಹೋಗುತ್ತದೆ. ಜನ ಹತ್ತುವ ಟೆಂಪೊ ಮತ್ತು ಸಾಮಾನು ಸಾಗಿಸುವ ಟೆಂಪೊ ಬೇರೆ ಬೇರೆ ಕಾಲಂನಲ್ಲಿರಲಿ. ಕರಾವಳಿಯಲ್ಲಿ ಎರಡನ್ನೂ ‘ಟೆಂಪೊ’ ಅಂತಲೇ ಕರೆಯುವುದರಿಂದ ಹಾಳೆ ಕೆಡುವುದು ಇಲ್ಲೇ. ಕೊನೆಯ ಕಾಲಂ ಷರಾ. ಮಳೆ, ಬಂದ್, ಮದುವೆ ದಿಬ್ಬಣ, ಮರ ಬಿದ್ದು ಅರ್ಧ ತಾಸು ರಸ್ತೆ ಕಟ್ಟಿದ್ದು, ಎಲ್ಲ ಅಲ್ಲಿ ಬರಲೇಬೇಕು.

ಎಣಿಸಿದ್ದನ್ನು ಪಿಸಿಯು, ಅಂದರೆ ಕಾರಿಗೆ ಸಮನಾದ ಲೆಕ್ಕಕ್ಕೆ ತರಬೇಕು. ರಸ್ತೆ ಸಾಮರ್ಥ್ಯದ ಮಾರ್ಗಸೂಚಿಯಾದ ಐಆರ್‌ಸಿ 64 (1990) ಕೊಟ್ಟಿರುವ ಗುಣಕಗಳು: ದ್ವಿಚಕ್ರ 0.5, ಕಾರು ಮತ್ತು ರಿಕ್ಷಾ 1, ಸಣ್ಣ ಸರಕು ವಾಹನ 1.5, ಬಸ್ಸು–ಲಾರಿ 3, ಟ್ರೈಲರ್ ಸಹಿತ ಟ್ರ್ಯಾಕ್ಟರ್ 4.5. ಏಳು ದಿನದ ಸರಾಸರಿ ಹೀಗೆ ಬಂತೆನ್ನಿ: ಬೈಕು 1,240, ಕಾರು–ರಿಕ್ಷಾ 410, ಸಣ್ಣ ಸರಕು ವಾಹನ 96, ಬಸ್ಸು–ಲಾರಿ 58, ಟ್ರೈಲರ್ ಸಹಿತ ಟ್ರ್ಯಾಕ್ಟರ್ 12. ಗುಣಿಸಿದರೆ 620 + 410 + 144 + 174 + 54 = ದಿನಕ್ಕೆ 1,402 ಪಿಸಿಯು.

ಈಗ ಬರುತ್ತದೆ ನಿಮ್ಮ ಊರಿಗೆ ಮುಖ್ಯವಾದ ಮಾತು. ಹೆಚ್ಚು ತಿರುವಿರುವ ಏಕಪಥ ರಸ್ತೆಯ ಸಾಮರ್ಥ್ಯ ಏರಿಳಿತದ ನೆಲದಲ್ಲಿ ದಿನಕ್ಕೆ 1,700 ಪಿಸಿಯು, ಗುಡ್ಡದ ನೆಲದಲ್ಲಿ 1,400. ರಸ್ತೆಗೆ ಅಡ್ಡಲಾಗಿ ನೆಲದ ಇಳಿಜಾರು ಶೇ 10ರಿಂದ 25 ಇದ್ದರೆ ಏರಿಳಿತದ್ದು, 25 ದಾಟಿದರೆ ಗುಡ್ಡದ್ದು. ಅದೇ 1,402 ಒಂದು ಕಡೆ ‘ಇನ್ನೂ ಅವಕಾಶ ಇದೆ’ ಎನ್ನುತ್ತದೆ, ಇನ್ನೊಂದು ಕಡೆ ‘ತುಂಬಿಹೋಯಿತು’ ಎನ್ನುತ್ತದೆ. ಹಾಗಾಗಿ ಗಣತಿಯ ಜೊತೆ ಇಳಿಜಾರನ್ನೂ ಅಳೆಸಿ, ವರದಿಗೆ ಲಗತ್ತಿಸಿ. ಲೆಕ್ಕ ಸಾಮರ್ಥ್ಯಕ್ಕಿಂತ ತೀರ ಕೆಳಗೆ ಬಂದರೆ ಅಂಕಿ ಹಿಗ್ಗಿಸಬೇಡಿ. ತಿರುವಿನಲ್ಲಿ ಎದುರು ವಾಹನಕ್ಕೆ ದಾರಿ ಬಿಡುವ ಜಾಗ, ಗಟ್ಟಿ ಅಂಚು ಕೇಳಿ. ಅದಕ್ಕೆ ಬೇಕಾದ ಆಧಾರವೂ ಇದೇ ಹಾಳೆಯಲ್ಲಿ ಇರುತ್ತದೆ.

ಪ್ರಶ್ನೆ: ಪ್ರಾಜೆಕ್ಟಿಗಾಗಿ ರಸ್ತೆಗೆ ಅಡ್ಡ ರಬ್ಬರ್ ಕೊಳವೆ ಹಾಕಿ ಎಣಿಸುವ ಯಂತ್ರ ಬಳಸಿದೆವು. ಯಂತ್ರದ ಲೆಕ್ಕ ಕೈಲೆಕ್ಕಕ್ಕಿಂತ ಹೆಚ್ಚು ಬರುತ್ತಿದೆ. ಯಾವುದನ್ನು ನಂಬಬೇಕು?
– ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿ, ಕಾರವಾರ

ಉತ್ತರ: ಒಂದೇ ಕೊಳವೆಯ ಯಂತ್ರಕ್ಕೆ ವಾಹನ ಗೊತ್ತಾಗುವುದಿಲ್ಲ, ಅಚ್ಚು (ಎರಡೂ ಬದಿಯ ಗಾಲಿ ಕೂಡಿಸುವ ದಂಡ) ಮಾತ್ರ ಗೊತ್ತು. ಗಾಲಿ ಹತ್ತಿದಾಗ ಕೊಳವೆಯೊಳಗಿನ ಗಾಳಿ ಒತ್ತುತ್ತದೆ. ಎರಡು ಒತ್ತಿಗೆ ಒಂದು ವಾಹನ ಎಂದು ಅದು ಭಾಗಿಸುತ್ತದೆ. 100 ವಾಹನಗಳಲ್ಲಿ 90 ಎರಡಚ್ಚಿನವು, 6 ಮೂರಚ್ಚಿನವು, 4 ಐದಚ್ಚಿನವು ಇದ್ದರೆ ಅಚ್ಚುಗಳು 180 + 18 + 20 = 218. ಯಂತ್ರ ತೋರಿಸುವುದು 109. ಹೆದ್ದಾರಿ 66ರಲ್ಲಿ ಉದ್ದನೆಯ ಲಾರಿಗಳು ಹೆಚ್ಚು, ಈ ವ್ಯತ್ಯಾಸ ಸಹಜ. ಹಗಲು ಒಂದು ತಾಸು, ರಾತ್ರಿ ಒಂದು ತಾಸು ಯಂತ್ರದ ಪಕ್ಕದಲ್ಲೇ ಕೂತು ಅಚ್ಚುಸಹಿತ ಎಣಿಸಿ, ತಿದ್ದುಪಡಿ ಗುಣಕ ತೆಗೆಯಿರಿ. ಮೇಲಿನ ಉದಾಹರಣೆಯಲ್ಲಿ ಅದು 100 ÷ 109, ಅಂದರೆ 0.917. ರಾತ್ರಿ ಲಾರಿಗಳ ಪಾಲು ಹೆಚ್ಚುವುದರಿಂದ ಹಗಲಿನ ಗುಣಕವನ್ನು ರಾತ್ರಿಗೆ ಹಾಕಬೇಡಿ. ಖಾಲಿ ಲಾರಿ ಒಂದು ಅಚ್ಚನ್ನು ಎತ್ತಿಕೊಂಡು ಓಡುವುದುಂಟು. ನೆಲ ಮುಟ್ಟುವ ಅಚ್ಚನ್ನಷ್ಟೇ ಎಣಿಸಿ.

ಕಡಿಮೆ ತೋರಿಸುವ ಸಂದರ್ಭವೂ ಇದೆ. ಎರಡು ದಿಕ್ಕಿನ ವಾಹನಗಳು ಒಟ್ಟಿಗೆ ಕೊಳವೆ ಹತ್ತಿದರೆ ಒಂದೇ ಒತ್ತು ದಾಖಲಾಗುತ್ತದೆ. ವಾಹನ ತೆವಳುವ ಜಾಗ, ತಿರುವು, ಉಬ್ಬಿನ ಹತ್ತಿರ ಕೊಳವೆ ಹಾಕಲೇಬೇಡಿ. ಕೊಳವೆ ರಸ್ತೆಗೆ ಲಂಬವಾಗಿ ಬಿಗಿಯಾಗಿರಲಿ. ಸಡಿಲವಾದರೆ ಪುಟಿದು ಒಂದೇ ಗಾಲಿಗೆ ಎರಡು ಒತ್ತು ಕೊಡುತ್ತದೆ. ಆಚೆ ತುದಿಯ ಬಿರಡೆ ಕಳಚಿದರೆ ಮಳೆನೀರು ಒಳಹೊಕ್ಕು ಲೆಕ್ಕ ನಿಂತೇಹೋಗಬಹುದು. ದಿನಕ್ಕೆ ಎರಡು ಸಲ ಹೋಗಿ ನೋಡಲೇಬೇಕು.

ಪ್ರಶ್ನೆ: ಶಿರಸಿ ಸುತ್ತ ಗಣತಿಗೆ ಯಾವ ತಿಂಗಳು ಸರಿ? ಒಂದೇ ವಾರ ಎಣಿಸಿ ವರ್ಷದ ಸರಾಸರಿ ಹೇಗೆ ಹೇಳುತ್ತಾರೆ?
– ಓದುಗರು, ಶಿರಸಿ

ಉತ್ತರ: ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದೇ ತಿಂಗಳು ಸರಿಹೊಂದುವುದಿಲ್ಲ. ಘಟ್ಟದ ಮೇಲೆ ಅಡಿಕೆ ಗೊನೆ ಕೊಯ್ಲು, ಮಾರುಕಟ್ಟೆ ಬಿರುಸಾದಾಗ ಭರಾಟೆ. ಕೆಳಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ, ಮೀನಿನ ಲಾರಿ ತೀರ ಕಡಿಮೆ. ಅದೇ ಮಳೆಯಲ್ಲಿ ಜೋಗದ ದಾರಿಗೆ ಪ್ರವಾಸಿಗರ ಸಾಲು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಸಾಮಾನ್ಯ ಗಣತಿ ಮಾಡಬಾರದು, ಜಾತ್ರೆ ಮುಗಿದು ಸಂಚಾರ ಮಾಮೂಲಿಗೆ ಬಂದ ಮೇಲೆ ಮಾಡಬೇಕು. ಜಾತ್ರೆಯ ಪಾರ್ಕಿಂಗ್, ಬಸ್ ವ್ಯವಸ್ಥೆಗೆ ಬೇಕಾದ ಎಣಿಕೆಯೇ ಬೇರೆ.

ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದಲ್ಲಿ ರಸ್ತೆ ಕಟ್ಟಿದರೆ ಕುಮಟಾ ಕಡೆಯ ವಾಹನ ಸಿದ್ದಾಪುರದ ಮೇಲೋ ಯಲ್ಲಾಪುರ–ಅರಬೈಲ್ ಮೇಲೋ ಸುತ್ತುತ್ತದೆ. ಆಗ ಒಂದು ರಸ್ತೆ ಬರಿದು, ಇನ್ನೊಂದು ಉಬ್ಬಿ ಕಾಣುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಆಗಸ್ಟ್ 7ರಂದು ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆ ತಿಂಗಳುಗಳ ಅಂಕಿಯನ್ನು ಷರಾ ನೋಡದೆ ಹೋಲಿಕೆಗೆ ತೆಗೆದುಕೊಂಡರೆ ಮುಂದಿನ ಹತ್ತು ವರ್ಷದ ಅಂದಾಜೇ ವಾಲುತ್ತದೆ.

ಒಂದು ವಾರದಿಂದ ವರ್ಷಕ್ಕೆ ಹೋಗಲು ಋತು ಗುಣಕ ಬೇಕು. ಆ ರಸ್ತೆಯ ಎರಡು–ಮೂರು ಪೆಟ್ರೋಲ್ ಬಂಕುಗಳಿಂದ 12 ತಿಂಗಳ ಮಾರಾಟದ ಅಂಕಿ ಕೇಳಿ. ತಿಂಗಳ ಸರಾಸರಿ 100 ಕಿಲೋಲೀಟರ್, ಗಣತಿ ಮಾಡಿದ ತಿಂಗಳು 80 ಇದ್ದರೆ ಗುಣಕ 1.25, ವಾರದ ದಿನಸರಾಸರಿಯನ್ನು ಅದರಿಂದ ಗುಣಿಸಿ. ಬೈಕು–ಕಾರಿಗೆ ಪೆಟ್ರೋಲಿನ ಗುಣಕ, ಬಸ್ಸು–ಲಾರಿಗೆ ಡೀಸೆಲಿನದು. ದೋಣಿಗೆ ಡೀಸೆಲ್ ಹೋಗುವ ಬಂದರಿನ ಬಂಕು ಬೇಡ. ಗಡಿಯ ಮಾಜಾಳಿ ಹತ್ತಿರದ್ದೂ ಬೇಡ. ಗೋವಾದಲ್ಲಿ ದರ ಕಡಿಮೆ ಇದ್ದಾಗ ವಾಹನದವರು ಅಲ್ಲೇ ತುಂಬಿಸಿಕೊಂಡು ಬರುತ್ತಾರೆ.

ಪ್ರಶ್ನೆ: ನಾಲ್ಕು ರಸ್ತೆ ಕೂಡುವಲ್ಲಿ ಸಿಸಿಟಿವಿ ಇದೆ. ಅದನ್ನೇ ನೋಡಿ ಎಣಿಸಬಹುದೇ?
– ಓದುಗರು, ಅಂಕೋಲಾ

ಉತ್ತರ: ಎಣಿಸಬಹುದು. ಆದರೆ ಪೊಲೀಸರ ಅನುಮತಿ ಪಡೆದು ಮೊದಲು ರೆಕಾರ್ಡಿಂಗ್ ಪ್ರತಿ ತೆಗೆದಿಡಿ, ಕೆಲವು ದಿನದಲ್ಲಿ ಹಳೆಯದರ ಮೇಲೆ ಹೊಸದು ದಾಖಲಾಗುತ್ತದೆ. ನಾಲ್ಕು ದಾರಿಗೆ ಎಡ, ನೇರ, ಬಲ ಸೇರಿ 12 ಚಲನೆ. ಒಬ್ಬರು ಒಂದು ದಾರಿಯ ಮೂರನ್ನು ಮಾತ್ರ ನೋಡಲಿ. ಬಸ್ಸಿನ ಮರೆಯಲ್ಲಿ ಬೈಕು ಅಡಗುತ್ತದೆ, ರಾತ್ರಿ ಹೆಡ್‌ಲೈಟಿನ ಬೆಳಕಿನಲ್ಲಿ ಬಗೆ ತಿಳಿಯುವುದಿಲ್ಲ. ಆ ತಾಸುಗಳಿಗೆ ಆಳು ಇರಲೇಬೇಕು.

ಪ್ರಶ್ನೆ: ಬಂದ ಅಂಕಿ ಕೂತು ಬರೆದದ್ದೋ ನಿಜವಾಗಿ ಎಣಿಸಿದ್ದೋ ಪತ್ತೆ ಮಾಡುವುದು ಹೇಗೆ?
– ನಿವೃತ್ತ ಶಿಕ್ಷಕರು, ಹೊನ್ನಾವರ

ಉತ್ತರ: ಬಸ್ಸಿನ ಕಾಲಂ ನೋಡಿ. ಸಾರಿಗೆ ಡಿಪೊದ ವೇಳಾಪಟ್ಟಿ ಇದೆ, ಆ ರಸ್ತೆಯಲ್ಲಿ ತಾಸಿಗೆ ಎಷ್ಟು ಬಸ್ಸು ಎಂದು ತಾಳೆ ಹಾಕಬಹುದು. ನಂತರ ರಾತ್ರಿ 1ರಿಂದ 4ರ ಸಾಲುಗಳನ್ನು ನೋಡಿ: ನಿಜವಾದ ಎಣಿಕೆಯಲ್ಲಿ 7, 2, 0, 11 ಹೀಗೆ ಏರುಪೇರು ಇರುತ್ತದೆ, ನಿದ್ದೆ ಮುಗಿಸಿ ಬರೆದದ್ದರಲ್ಲಿ 5, 6, 5, 6. ಬೆಳಗಿನ ಜಾವ ಜಡಿಮಳೆ ಸುರಿದ ದಿನವೂ ಹಾಳೆಯ ಅಂಚಿನಲ್ಲಿ ಒದ್ದೆಯ ಗುರುತಿಲ್ಲ, ಷರಾ ಖಾಲಿ ಇದೆ ಎಂದರೆ ಆ ಪಾಳಿಯನ್ನು ಮತ್ತೊಮ್ಮೆ ಎಣಿಸಿ.